ಕನ್ನಡಕ ಲಾಕರಿನಲ್ಲಿ, ನಾನು ರೋಲರ್ ಕೋಸ್ಟರಿನಲ್ಲಿ

ನನ್ನ ಬಲಗಣ್ಣಿನ ಪವರ್ ಮೈನಸ್ 6.5, ಎಡಗಣ್ಣಿನದು ಮೈನಸ್ 6. ಜೊತೆಗೆ ಒಂದಿಷ್ಟು ಸಿಲಿಂಡರ್, ಅಂದರೆ ಕಣ್ಣಿನ ಓರೆ ಬಾಗನ್ನು ಸರಿಪಡಿಸುವ ಪವರ್. ಕನ್ನಡಕ ತೆಗೆದರೆ ಕಣ್ಣಿನಿಂದ ಸುಮಾರು 15 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟ. ಒಂದು ಗೇಣೂ ಇಲ್ಲ. ಅದರಾಚೆ ಇರುವುದೆಲ್ಲ ಒದ್ದೆ ಕಾಗದದ ಮೇಲೆ ಚೆಲ್ಲಿದ ಬಣ್ಣ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಾನು ಬರೆಯುತ್ತಿರುವುದು ಅಮ್ಯೂಸ್‌ಮೆಂಟ್ ಪಾರ್ಕ್ ಒಂದರ ವಿಮರ್ಶೆ, ಆದರೆ ಆ ಪಾರ್ಕಿನ ಮುಕ್ಕಾಲು ಪಾಲನ್ನು ನಾನು ನೋಡಿಯೇ ಇಲ್ಲ. ಹೋಗಿದ್ದೆ, ಹತ್ತಿದ್ದೆ, ಗಂಟಲು ಕಟ್ಟುವ ತನಕ ಕಿರುಚಿದ್ದೆ. ನೋಡಿಲ್ಲ ಅಷ್ಟೇ. ಆಮೇಲೆ ಅದೇ ಕಾರಣಕ್ಕೆ ಲೇಸರಿನಿಂದ ಕಣ್ಣಿನ ಪವರ್ ತೆಗೆಸಿದರೆ ಹೇಗೆ ಅಂತ ಎರಡು ಕಣ್ಣಿನ ಕ್ಲಿನಿಕ್ಕುಗಳಿಗೂ ಹೋಗಿಬಂದೆ. ಅವೂ ಇಲ್ಲೇ ಬರುತ್ತವೆ.

ನಾವು ನಾಲ್ವರು. ನಾನು, ನನ್ನವರು, 11 ವರ್ಷದ ಮಗಳು, 6 ವರ್ಷದ ಮಗ. ಗೇಟಿನಲ್ಲೇ ಮಕ್ಕಳನ್ನು ಅಳತೆ ಕೋಲಿನ ಪಕ್ಕ ನಿಲ್ಲಿಸಿ ಎತ್ತರಕ್ಕೆ ತಕ್ಕಂತೆ ಕೈಗೆ ಬಣ್ಣದ ಪಟ್ಟಿ ಕಟ್ಟಿದರು. ಇದು ಒಳ್ಳೆಯ ಪದ್ಧತಿ. ಪ್ರತಿ ರೈಡಿನ ಬಾಗಿಲಿಗೂ ಹೋಗಿ ನಿರಾಸೆಯಿಂದ ವಾಪಸ್ ಬರುವುದು ತಪ್ಪುತ್ತದೆ. ಮಗ 116 ಸೆಂಟಿಮೀಟರ್. ದೊಡ್ಡ ರೈಡುಗಳಿಗೆ 120 ಬೇಕು. ನಾಲ್ಕು ಸೆಂಟಿಮೀಟರಿಗಾಗಿ ಅವನು ಹಾಕಿದ ರಂಪ ಇರಲಿ ಬಿಡಿ. ದಪ್ಪ ಅಡಿಯ ಶೂ ಹಾಕಿಸಿ ಒಳಗೆ ದಾಟಿಸುವ ಅಪ್ಪ ಅಮ್ಮಂದಿರು ಇದ್ದಾರೆ, ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಗೆರೆ ಎಳೆದಿರುವುದು ಅಡ್ಡ ಕಂಬಿ ಮೈಯನ್ನು ಸರಿಯಾಗಿ ಹಿಡಿದುಕೊಳ್ಳಲಿ ಅಂತ. ಚಿಕ್ಕ ಮೈ ಕಂಬಿಯ ಕೆಳಗಿಂದ ಜಾರಬಹುದು.

ಒಂದು ಉಪಯೋಗದ ಮಾತು. ಚಿಕ್ಕ ಮಗು ಇದ್ದರೆ ಅಪ್ಪ ಅಮ್ಮ ಒಬ್ಬರಾದ ಮೇಲೆ ಒಬ್ಬರು ಸಾಲಿನಲ್ಲಿ ಪೂರ್ತಿ ನಿಲ್ಲಬೇಕಿಲ್ಲ. ಒಬ್ಬರು ಹತ್ತಿ ಇಳಿದ ಮೇಲೆ ಇನ್ನೊಬ್ಬರನ್ನು ಇಳಿಯುವ ಬಾಗಿಲಿನಿಂದಲೇ ಒಳಗೆ ಬಿಡುತ್ತಾರೆ. ನಮ್ಮ ಪಾರ್ಕಿನಲ್ಲಿ ಈ ಅನುಕೂಲ ಇತ್ತು, ಆದರೆ ಎಲ್ಲೂ ಬರೆದಿರಲಿಲ್ಲ. ಕೇಳಿದವರಿಗೆ ಮಾತ್ರ. ಮೂರನೇ ರೈಡಿನಲ್ಲಿ ನಮಗೆ ಗೊತ್ತಾಯಿತು. ಅಷ್ಟರಲ್ಲಿ ಎರಡು ಸಾಲುಗಳಲ್ಲಿ ನನ್ನ ಅರ್ಧ ಬೆಳಗು ಹೋಗಿತ್ತು.

ಮೊದಲು ರೋಲರ್ ಕೋಸ್ಟರ್. ಸಾಲಿನ ಕೊನೆಯಲ್ಲಿ ಆಪರೇಟರ್ ಹುಡುಗ ಕೈ ಚಾಚಿ, "ಮೇಡಂ, ಕನ್ನಡಕ" ಅಂದ. ಬೆಲ್ಟ್ ಕಟ್ಟಿದ ಕನ್ನಡಕಕ್ಕಾದರೂ ಅವಕಾಶ ಇದೆಯಾ ಅಂದೆ. ಇಲ್ಲ. ಅವನು ಹೇಳಿದ್ದು ನ್ಯಾಯವೇ, ಆ ವೇಗದಲ್ಲಿ ಹಾರಿದ ಕನ್ನಡಕ ಹಿಂದಿನವರ ಮುಖಕ್ಕೇ ಬಡಿಯುವುದು. ಆದರೆ ಪಕ್ಕದಲ್ಲಿ ಒಂದು ತಟ್ಟೆ, ಒಂದು ಗೂಡು, ಏನೂ ಇರಲಿಲ್ಲ. ಲಾಕರ್ ಇರುವುದು ಗೇಟಿನ ಹತ್ತಿರ, ಐದು ನಿಮಿಷದ ನಡಿಗೆ. ಕನ್ನಡಕ ಇಲ್ಲದೆ ನಾನು ಆ ಐದು ನಿಮಿಷ ವಾಪಸ್ ನಡೆದು ಬರುವುದು ಹೇಗೆ ಅಂತ ಪಾರ್ಕ್ ಕಟ್ಟಿದವರು ಯೋಚಿಸಿದಂತಿಲ್ಲ. ಮಗಳು ನನ್ನ ಕೈ ಹಿಡಿದು ನಡೆಸಿಕೊಂಡು ಬಂದಳು. "ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಅಮ್ಮಾ ಅದು ಕಂಬ."

ಕಣ್ಣು ಕಾಣದೆ ಕೋಸ್ಟರ್ ಹತ್ತಿದರೆ ಕಿವಿ ಚುರುಕಾಗುತ್ತದೆ. ಮೇಲೇರುವಾಗ ಕಟಕಟ ಅನ್ನುವ ಸದ್ದು ಇದೆಯಲ್ಲ, ಅದು ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿ ಹಲ್ಲಿನ ಮೇಲೆ ಬೀಳುತ್ತಾ ಹೋಗುವ ಸದ್ದು. ಆ ಸದ್ದು ನಿಂತಿತು ಅಂದರೆ ತುದಿ ಬಂತು ಅಂತ ಅರ್ಥ. ಅಲ್ಲಿಂದ ಮುಂದೆ ನಮ್ಮ ಗಾಡಿಗೆ ಇಂಜಿನ್ ಇಲ್ಲ. ಏರಿದ ಎತ್ತರವೇ ಪೆಟ್ರೋಲು. ಇಷ್ಟು ಚೆನ್ನಾಗಿತ್ತು. ಆಮೇಲಿನದು ಚೆನ್ನಾಗಿರಲಿಲ್ಲ. ತಿರುವು ಕಂಡರೆ ನಮಗೆ ಗೊತ್ತಿಲ್ಲದೆಯೇ ಕತ್ತು ಬಿಗಿ ಹಿಡಿಯುತ್ತೇವೆ. ನನಗೆ ಯಾವ ತಿರುವೂ ಕಾಣಲಿಲ್ಲ. ಹೊಟ್ಟೆಗೆ ಗೊತ್ತಾಗುವಷ್ಟರಲ್ಲಿ ತಲೆ ಹೋಗಿ ಭುಜದ ಪಟ್ಟಿಗೆ ಬಡಿದಾಗಿತ್ತು. ಎರಡು ದಿನ ಕತ್ತು ನೋವು. ಭಯ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಮಜಾ ಕಡಿಮೆಯಾಯಿತು.

ಎತ್ತರಕ್ಕೆ ಎತ್ತಿ ಧೊಪ್ಪನೆ ಬಿಡುವ ಟವರ್ ಇನ್ನೂ ಬೇಜಾರು. ತುದಿಯಲ್ಲಿ ಕೆಲವು ಸೆಕೆಂಡು ನಿಲ್ಲಿಸುತ್ತಾರೆ, ಸುತ್ತ ನೋಡಲಿ ಅಂತ. "ಅಲ್ಲಿ ನೋಡು, ಕೆರೆ" ಅಂದರು ನನ್ನವರು. ನನಗೆ ಕಂಡದ್ದು ತಿಳಿ ನೀಲಿ ಗಂಜಿ. ಅದರ ಬ್ರೇಕು ಮಾತ್ರ ನನಗೆ ಇಷ್ಟ. ಬರೀ ಅಯಸ್ಕಾಂತ ಮತ್ತು ಲೋಹದ ಪಟ್ಟಿ. ಬೀಳುವ ವೇಗವೇ ಬ್ರೇಕಿನ ಬಲ ಹುಟ್ಟಿಸುತ್ತದೆ, ಕರೆಂಟು ಹೋದರೂ ವೇಗ ತಗ್ಗಿಸುತ್ತದೆ. ಸಾಲಿನಲ್ಲಿದ್ದಾಗ, ಕನ್ನಡಕ ಇನ್ನೂ ಮುಖದ ಮೇಲಿದ್ದಾಗ, ಫಲಕದಲ್ಲಿ ಓದಿಕೊಂಡಿದ್ದೆ. ನಾನು ಆವತ್ತು ಸ್ಪಷ್ಟವಾಗಿ ನೋಡಿದ್ದು ಫಲಕಗಳನ್ನೇ ಜಾಸ್ತಿ. ಮಕ್ಕಳ ಕುದುರೆ ತಿರುಗಣಿಯಲ್ಲಿ ಕನ್ನಡಕ ಬಿಡುತ್ತಾರೆ. ಮಗನ ಪಕ್ಕದ ಕುದುರೆಯಲ್ಲಿ ಕೂತು ಮೂರು ಸಲ ಸುತ್ತಿದೆ. ಅಷ್ಟು ಖುಷಿಯ ರೈಡು ಇನ್ನೊಂದಿಲ್ಲ.

ಇಲ್ಲಿಯವರೆಗೆ ಎಲ್ಲಾ ತಮಾಷೆ. ಅಲೆಯ ಕೊಳದಲ್ಲಿ ತಮಾಷೆ ಮುಗಿಯಿತು.

ಕನ್ನಡಕ ಲಾಕರಿನಲ್ಲಿ. ಮಗಳು ಅಪ್ಪನ ಜೊತೆ ಜಾರುಬಂಡೆಗೆ ಹೋಗಿದ್ದಳು. ನಾನು, ಮಗ ಮೊಣಕಾಲುದ್ದದ ನೀರಿನಲ್ಲಿ. ಸೈರನ್ ಆಯಿತು, ಅಲೆ ಶುರುವಾಯಿತು, ಜನ ಹೋ ಅಂತ ನುಗ್ಗಿದರು. ಒಂದು ಅಲೆಗೆ ಅವನ ಕೈ ನನ್ನ ಕೈಯಿಂದ ಬಿಟ್ಟಿತು. ತಕ್ಷಣ ಹಿಡಿದೆ. ಕೆಂಪು ಬಟ್ಟೆ, ಅದೇ ಎತ್ತರ. ಎಳೆದುಕೊಂಡು ದಡಕ್ಕೆ ಬಂದೆ. ಮುಖ ಹತ್ತಿರ ಬಂದಾಗ ಗೊತ್ತಾಯಿತು, ನಾನು ಹಿಡಿದಿದ್ದು ಯಾರದೋ ಮಗುವನ್ನು. ಅದು ಜೋರಾಗಿ ಅಳತೊಡಗಿತು. ತಿರುಗಿ ನೋಡಿದರೆ ಕೊಳದ ತುಂಬ ಕೆಂಪು ಚುಕ್ಕೆಗಳು. ಯಾವುದು ನನ್ನದು? ಹೆಸರು ಹಿಡಿದು ಕೂಗಿದೆ. ಅಲೆಯ ಸದ್ದಿನಲ್ಲಿ ನನಗೇ ನನ್ನ ದನಿ ಕೇಳಲಿಲ್ಲ.

ಅವನು ನಾಲ್ಕು ಹೆಜ್ಜೆ ದೂರದಲ್ಲೇ ನಗುತ್ತಾ ಕೂತಿದ್ದ ಅನ್ನುವುದು ಆಮೇಲೆ ತಿಳಿಯಿತು. ಲೈಫ್‌ಗಾರ್ಡ್ ಸೀಟಿ ಹೊಡೆದು ತೋರಿಸಿದರು. ಒಂದು ನಿಮಿಷವೂ ಆಗಿರಲಿಲ್ಲವಂತೆ. ಆ ಲೈಫ್‌ಗಾರ್ಡುಗಳಿಗೆ ನನ್ನ ಪೂರ್ತಿ ಅಂಕ. ಪಾರ್ಕಿಗೆ ಐದಕ್ಕೆ ಮೂರೂವರೆ. ಕಡಿಮೆಯಾದ ಒಂದೂವರೆ ಲಾಕರಿನ ಲೆಕ್ಕ.

ಮುಂದಿನ ವಾರವೇ ಲೇಸರ್ ಕ್ಲಿನಿಕ್ ಹುಡುಕಿದೆ.

ಮೊದಲನೆಯ ಕ್ಲಿನಿಕ್. ಸೋಫಾ ಮೆತ್ತಗಿತ್ತು, ಗೋಡೆಯಲ್ಲಿ ನೀರು ಹರಿಯುತ್ತಿತ್ತು. ಒಂದು ಯಂತ್ರದೊಳಗೆ ಇಣುಕಿಸಿದರು. ರಸ್ತೆಯ ಕೊನೆಯಲ್ಲಿ ಬಣ್ಣದ ಬಲೂನು ಕಾಣುವ ಯಂತ್ರ, ಕನ್ನಡಕದವರಿಗೆಲ್ಲ ಅದು ಹಳೆಯ ನಂಟು. ಇನ್ನೊಂದು ಯಂತ್ರ ಕಣ್ಣಿಗೆ ಉಫ್ ಅಂತ ಗಾಳಿ ಊದಿತು. ಕಾಲು ಗಂಟೆಯಲ್ಲಿ ಕೌನ್ಸೆಲರ್ ಮುಂದೆ ಕೂರಿಸಿದರು. "ನೀವು ಸೂಟೆಬಲ್ ಮೇಡಂ, ಈ ವಾರ ಬುಕ್ ಮಾಡಿದರೆ ರಿಯಾಯಿತಿ ಇದೆ" ಅಂದರು. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಲೇಸರ್ ಕೆತ್ತುವುದು ಅದನ್ನೇ. ನನ್ನದು ಎಷ್ಟು ದಪ್ಪ ಅಂತ ಕೇಳಿದೆ. ಅದನ್ನು ಆಪರೇಷನ್ ದಿನ ನೋಡುತ್ತಾರಂತೆ. ಬಾಗಿಲು ಎತ್ತ ಅಂತ ಕೇಳಿ ಎದ್ದು ಬಂದೆ. ಸೋಫಾಕ್ಕೆ ಒಂದು ಅಂಕ.

ಎರಡನೆಯದು ಹಳೆಯ ಕಟ್ಟಡ, ಗಟ್ಟಿ ಕುರ್ಚಿ. ಫೋನ್ ಮಾಡಿದಾಗಲೇ ಕೇಳಿದರು, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ? ಹಾಕಿದರೆ ಒಂದೆರಡು ವಾರ ಬಿಟ್ಟು ಬನ್ನಿ, ಲೆನ್ಸ್ ಕಾರ್ನಿಯಾದ ಆಕಾರವನ್ನು ಒತ್ತಿರುತ್ತದೆ, ಅಳತೆ ತಪ್ಪಾಗುತ್ತದೆ ಅಂದರು. ಆಗಲೇ ನನಗೆ ಅರ್ಧ ನಂಬಿಕೆ ಬಂತು. ಎರಡೂವರೆ ಗಂಟೆ ಅಲ್ಲಿದ್ದೆ. ಕಾರ್ನಿಯಾದ ನಕ್ಷೆ ತೆಗೆದರು, ಬೆಟ್ಟಗುಡ್ಡದ ಭೂಪಟದ ಹಾಗೆ ಹಸಿರು, ಹಳದಿ, ಕೆಂಪು ಬಣ್ಣ. ಕೆಳ ರೆಪ್ಪೆಗೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು, ಕಣ್ಣೀರು ಎಷ್ಟು ಊರುತ್ತದೆ ಅಂತ ನೋಡಲು. 10 ಮಿಲಿಮೀಟರ್ ಒದ್ದೆಯಾದರೆ ಪರವಾಗಿಲ್ಲ. ನನ್ನದು 6. ಹನಿ ಹಾಕಿ ಪಾಪೆ ದೊಡ್ಡದು ಮಾಡಿ ಹಿಂಭಾಗದ ಅಕ್ಷಿಪಟವನ್ನೂ, ಅಂದರೆ ರೆಟಿನಾವನ್ನೂ ನೋಡಿದರು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಗಾಡಿ ಓಡಿಸಲು ಆಗುವುದಿಲ್ಲ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಕಾಯುವಾಗ ಫೋನಿನಲ್ಲಿ ಓದಿದ್ದು ಒಂದು. 1981ರಲ್ಲಿ ಐಬಿಎಂ ಲ್ಯಾಬಿನ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಎಕ್ಸೈಮರ್ ಲೇಸರ್ ಬಿಟ್ಟು ನೋಡಿದರಂತೆ. ಸುತ್ತ ಸುಡದೆ ಚೊಕ್ಕವಾಗಿ ಕೆತ್ತಿತು. ಇವತ್ತು ಕಣ್ಣಿನ ಮೇಲೆ ಓಡುವುದೂ ಆ 193 ನ್ಯಾನೊಮೀಟರಿನ ನೇರಳಾತೀತ ಬೆಳಕೇ. ನನ್ನ ಕಣ್ಣು, ಆ ಕೋಳಿ, ಒಂದೇ ವಂಶಾವಳಿ. ಇದನ್ನು ನನ್ನವರಿಗೆ ಹೇಳಿದೆ. ಅವರು ನಗಲಿಲ್ಲ, ಅವರಿಗೆ ನನಗಿಂತ ಜಾಸ್ತಿ ಹೆದರಿಕೆ.

ಡಾಕ್ಟರು ಕಾಗದ ತೆಗೆದು ಲೆಕ್ಕ ಬರೆದರು. ಯಾವ ವಿಮರ್ಶೆಯಲ್ಲೂ ನನಗೆ ಸಿಗದಿದ್ದುದು ಇದು, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಕಾರ್ನಿಯಾದ ನಡುಭಾಗ ಹೆಚ್ಚಿನವರಲ್ಲಿ 540 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನನ್ನದು 505. ಲೇಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಮೊದಲು ಮೇಲೆ ಒಂದು ತೆಳು ಮುಚ್ಚಳ ಕತ್ತರಿಸಿ ಎತ್ತುತ್ತಾರೆ, ಅದಕ್ಕೆ 110. ನನ್ನ ಪವರ್ ತೆಗೆಯಲು ಕೆತ್ತಬೇಕಾದದ್ದು ಸುಮಾರು 90, ಒಂದು ತಲೆಗೂದಲಿನ ದಪ್ಪ. ಎರಡೂ ಕಳೆದರೆ ಕೆಳಗೆ 305 ಉಳಿಯುತ್ತದೆ. ಕನಿಷ್ಠ 250 ಉಳಿಯಬೇಕು ಅನ್ನುತ್ತಾರೆ, ಆ ಲೆಕ್ಕಕ್ಕೆ ನಾನು ಪಾಸು. ಆದರೆ 505ರಲ್ಲಿ 200 ಅಂದರೆ ಹತ್ತಿರ ಹತ್ತಿರ ಶೇಕಡಾ 40. ಅಷ್ಟು ಮುಟ್ಟಿದರೆ ಕಾರ್ನಿಯಾ ಸಡಿಲವಾಗಿ ಮುಂದಕ್ಕೆ ಉಬ್ಬುವ ಅಪಾಯ ಏರುತ್ತದೆ. "ಲೇಸಿಕ್ ನಿಮಗೆ ಮಾಡಬಹುದು, ಆದರೆ ನಾನು ಮಾಡುವುದಿಲ್ಲ" ಅಂದರು. ಆ ಒಂದು ಮಾತಿಗೇ ಫೀಸು ಸಂದಿತು.

ಬೇರೆ ದಾರಿಗಳಿವೆ. ಪಿಆರ್‌ಕೆ ಅಂದರೆ ಮುಚ್ಚಳ ಇಲ್ಲ, ಮೇಲಿನ ತೆಳು ಪೊರೆ ಸವರಿ ತೆಗೆದು ನೇರ ಲೇಸರ್. ಕಾರ್ನಿಯಾ ಜಾಸ್ತಿ ಉಳಿಯುತ್ತದೆ. ಆದರೆ ಮೊದಲ ಕೆಲವು ದಿನ ಉರಿ, ನೋವು, ದೃಷ್ಟಿ ನಿಲ್ಲಲು ವಾರಗಳು. ಐಸಿಎಲ್ ಅಂದರೆ ಕಣ್ಣಿನೊಳಗೇ ಒಂದು ಲೆನ್ಸ್ ಕೂರಿಸುವುದು, ಕೆತ್ತುವುದೇ ಇಲ್ಲ, ಬೇಡವಾದರೆ ತೆಗೆಯಲೂಬಹುದು. ಖರ್ಚು ಜಾಸ್ತಿ, ಮತ್ತು ಕಣ್ಣೊಳಗೆ ಕೈ ಹಾಕಿದ ಹಾಗೆಯೇ. ಯಾವುದೇ ಆದರೂ ಮೊದಲು ಒಣಕಣ್ಣು ಸರಿ ಮಾಡಿಕೊಂಡು ಮೂರು ತಿಂಗಳ ನಂತರ ಬನ್ನಿ ಅಂದರು. ಲೇಸರ್ ಆದ ಮೇಲೆ ಕೆಲವು ತಿಂಗಳು ಕಣ್ಣು ಇನ್ನೂ ಒಣಗುತ್ತದಂತೆ.

ಇದು ನನ್ನ ಓರಗಿತ್ತಿಯ ಅನುಭವ ಕೂಡ. ಎಂಟು ವರ್ಷದ ಹಿಂದೆ ಲೇಸಿಕ್ ಮಾಡಿಸಿಕೊಂಡರು. ಮಾರನೆಯ ಬೆಳಿಗ್ಗೆಯೇ ಗಡಿಯಾರ ಕಂಡಿತ್ತಂತೆ, ಅತ್ತುಬಿಟ್ಟರಂತೆ. ಆದರೆ ಆರು ತಿಂಗಳು ಪರ್ಸಿನಲ್ಲಿ ಹನಿಯ ಬಾಟಲಿ. ರಾತ್ರಿ ಜಾಯಿಂಟ್ ವೀಲಿನ ದೀಪ ನೋಡಿದರೆ ಈಗಲೂ ಒಂದೊಂದು ದೀಪದ ಸುತ್ತ ಒಂದೊಂದು ಬಳೆ. "ಚೆನ್ನಾಗೇ ಕಾಣುತ್ತೆ ಕಣೆ, ಹಬ್ಬದ ಥರ" ಅನ್ನುತ್ತಾರೆ.

ಇನ್ನೆರಡು ಮಾತು ಡಾಕ್ಟರು ಹೇಳಿದ್ದು ತಲೆಯಲ್ಲಿ ಉಳಿದಿವೆ. ಒಂದು, ಮೈನಸ್ ಕಣ್ಣು ಅಂದರೆ ಉದ್ದವಾಗಿ ಬೆಳೆದ ಕಣ್ಣುಗುಡ್ಡೆ. ಲೇಸರ್ ಕನ್ನಡಕ ತೆಗೆಸುತ್ತದೆ, ಗುಡ್ಡೆಯನ್ನು ಗಿಡ್ಡ ಮಾಡುವುದಿಲ್ಲ. ಹಿಂದಿನ ಅಕ್ಷಿಪಟ ಎಳೆದು ತೆಳ್ಳಗಾಗಿದ್ದು ಹಾಗೇ ಇರುತ್ತದೆ. ಹಾಗಾಗಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ದಿಢೀರನೆ ಹೆಚ್ಚಾದರೆ, ಪರದೆ ಇಳಿದಂತಾದರೆ, ಲೇಸರ್ ಆಗಿದ್ದರೂ ಅವತ್ತೇ ಓಡಿ ಬರಬೇಕು. ಎರಡು, ನನಗೀಗ 38. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬರುವುದೇ. ಈಗ ಮಗನ ಬೆರಳಿಗೆ ಸಿಬಿರು ಚುಚ್ಚಿದರೆ ನಾನು ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದು ಸುಲಭವಾಗಿ ಕಿತ್ತುಬಿಡುತ್ತೇನೆ. ಮನೆಯಲ್ಲಿ ಸೂಜಿಗೆ ದಾರ ಪೋಣಿಸುವುದೂ ನಾನೇ. ಲೇಸರ್ ಮಾಡಿಸಿದರೆ ಆ ಹತ್ತಿರದ ಕಣ್ಣು ಹೋಗುತ್ತದೆ. ಇದು ನಷ್ಟ ಅಂತ ನನಗೆ ಹೊಳೆದೇ ಇರಲಿಲ್ಲ. ಎರಡನೆಯ ಕ್ಲಿನಿಕ್ಕಿಗೆ ಐದಕ್ಕೆ ಐದು. ಕುರ್ಚಿ ಮಾತ್ರ ಬದಲಾಯಿಸಿ.

ಹಾಗಾದರೆ ಪಾರ್ಕಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಲಾ ಅಂದೆ. ಒಣ ರೈಡಿಗೆ ದಿನಕ್ಕೊಂದು ಎಸೆಯುವ ಲೆನ್ಸ್ ಪರವಾಗಿಲ್ಲ, ನೀರಿಗಿಳಿಯುವಾಗ ಬೇಡವೇ ಬೇಡ ಅಂದರು. ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಜೀವಿ ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾಕ್ಕೆ ಕೆಟ್ಟ ಸೋಂಕು. ಬದಲಿಗೆ ಪವರ್ ಇರುವ ಈಜು ಕನ್ನಡಕ ತೆಗೆದುಕೊಳ್ಳಿ ಅಂದರು. ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಒಂದು ಕೊಂಡೆ. ಸಿಲಿಂಡರ್ ಇಲ್ಲ, ಎರಡೂ ಕಣ್ಣಿಗೆ ಒಂದೇ ಮೈನಸ್ 6. ಅಂಚುಗಳು ಸ್ವಲ್ಪ ವಾಲುತ್ತವೆ, ಮೂಗಿನ ಮೇಲೆ ಗುರುತು ಬೀಳುತ್ತದೆ, ಮುಖ ಕಪ್ಪೆಯ ಹಾಗೆ ಕಾಣುತ್ತದೆ. ಐದಕ್ಕೆ ನಾಲ್ಕೂವರೆ.

ಮೂರು ತಿಂಗಳಲ್ಲಿ ಎರಡು ಕಳೆದಿವೆ, ಹನಿ ಹಾಕುತ್ತಿದ್ದೇನೆ. ಹೋದ ಭಾನುವಾರ ಮತ್ತೆ ಅದೇ ಪಾರ್ಕಿಗೆ ಹೋಗಿದ್ದೆವು. ಕೋಸ್ಟರ್ ಪಕ್ಕ ಈಗ ಒಂದು ಗೂಡು ಇಟ್ಟಿದ್ದಾರೆ. ನಾನು ಅತ್ತ ಹೋಗಲಿಲ್ಲ. ಕಪ್ಪೆ ಕನ್ನಡಕ ಏರಿಸಿಕೊಂಡು ಅಲೆಯ ಕೊಳದ ದಡದಲ್ಲಿ ನಿಂತೆ. ಇಪ್ಪತ್ತು ಹೆಜ್ಜೆ ಆಚೆ, ಅಪ್ಪನ ಪಕ್ಕ, ಮಗ ಬೊಗಸೆಯಲ್ಲಿ ನೀರು ತುಂಬಿ ಮೆಲ್ಲಗೆ ಬಾಯಿಗೆ ತರುತ್ತಿದ್ದ.

"ಏಯ್, ಆ ನೀರು ಕುಡೀಬೇಡ!"

ಬೊಗಸೆ ಬಿಚ್ಚಿತು. ಅವನು ಮೊದಲು ಅಪ್ಪನನ್ನು ನೋಡಿದ, ಆಮೇಲೆ ಸುತ್ತ ನೋಡಿದ, ಕೊನೆಗೆ ನನ್ನನ್ನು. ಅಷ್ಟು ದೂರದಿಂದ ಅಮ್ಮನಿಗೆ ಕಾಣುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.