ಬಾಡಿಗೆ, ಲೀಸ್, ಮಧ್ಯದ ಕಂಪನಿ: ಮೂರನ್ನೂ ನಮ್ಮ ಮನೆಯಲ್ಲೇ ನೋಡಿದ್ದಾಯಿತು

ನಮ್ಮದು ಬೆಂಗಳೂರಿನ ನಾಗರಬಾವಿ ಕಡೆ 30×40 ಸೈಟು. ಕೆಳಗೆ ನಾವು, ಮೇಲೆ ಎರಡು ಮನೆ. ಎರಡೂ ಎರಡು ಬೆಡ್‌ರೂಮಿನವು. ಇವನ್ನು ಲೀಸ್‌ಗೆ ಕೊಟ್ಟಿದ್ದೇವೆ, ತಿಂಗಳ ಬಾಡಿಗೆಗೆ ಕೊಟ್ಟಿದ್ದೇವೆ, ಒಂದು ಸಲ ‘ನಿಮಗೆ ತಲೆನೋವೇ ಬೇಡ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ’ ಅಂದ ಕಂಪನಿಯ ಕೈಗೂ ಕೊಟ್ಟಿದ್ದೇವೆ. ಹೊಸದಾಗಿ ಮನೆ ಕಟ್ಟಿಸುತ್ತಿರುವ ನೆಂಟರು, ಪಕ್ಕದ ರಸ್ತೆಯವರು ಸಿಕ್ಕಾಗಲೆಲ್ಲ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ನಾನು ಬಾಡಿಗೆ ಅಂತಲೇ ಹೇಳುತ್ತೇನೆ.

ಮೊದಲು ಲೀಸ್ ವಿಷಯ. ಹಳಬರು ಭೋಗ್ಯ ಅನ್ನುತ್ತಾರಲ್ಲ, ಅದೇ. ಒಟ್ಟಿಗೆ ಒಂದು ದೊಡ್ಡ ಮೊತ್ತ ತೊಗೊಂಡು, ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಟ್ಟು, ಅವಧಿ ಮುಗಿದ ದಿನ ಅಷ್ಟೂ ದುಡ್ಡು ವಾಪಸ್ ಕೊಡುವುದು. ನಮ್ಮ ಮೊದಲ ಮಹಡಿಗೆ ಆಗ 8 ಲಕ್ಷ ಬಂತು. ಅದೇ ಮನೆ ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 15,000, ಅಡ್ವಾನ್ಸ್ 1 ಲಕ್ಷ ಸಿಗುತ್ತಿತ್ತು. ಈಗ ಲೆಕ್ಕ ಹಾಕಿ. 8 ಲಕ್ಷವನ್ನು ನೂರಕ್ಕೆ 7ರಂತೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷಕ್ಕೆ 56,000. ಬಾಡಿಗೆ ಆದರೆ ವರ್ಷಕ್ಕೆ 1,80,000. ಇದರಲ್ಲಿ ಹೋಲಿಸುವುದಕ್ಕೇ ಏನೂ ಇಲ್ಲ.

ಹಾಗಾದರೆ ಜನ ಯಾಕೆ ಲೀಸ್ ಕೊಡುತ್ತಾರೆ? ಸಾಲ ತೀರಿಸುವುದಕ್ಕೆ. ನಾವೂ ಅದಕ್ಕೇ ಕೊಟ್ಟಿದ್ದು. ಮನೆ ಮುಗಿಯುವ ಹೊತ್ತಿಗೆ ಕೈಸಾಲ ಮೂರು ರೂಪಾಯಿ ಬಡ್ಡಿಯಲ್ಲಿ ಕೂತಿತ್ತು. ಅಡ್ವಾನ್ಸ್ ಕಳೆದರೆ ಲೀಸ್‌ನಲ್ಲಿ ಕೈಗೆ ಹೆಚ್ಚಿಗೆ ಬರುವುದು 7 ಲಕ್ಷ, ಅದಕ್ಕೆ ನಾವು ಬಿಡುವುದು 1,80,000 ಬಾಡಿಗೆ. ಅಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗಿಂತ ಸ್ವಲ್ಪ ಮೇಲೆ ಬಡ್ಡಿ ಕಟ್ಟಿದ ಹಾಗೆ. ಮೂರು ರೂಪಾಯಿ ಸಾಲ ಹರಿಯುವುದಕ್ಕಾದರೆ ಸರಿ. ಬ್ಯಾಂಕಿನ ಗೃಹಸಾಲ ತೀರಿಸುವುದಕ್ಕೆ, ಕಾರು ಕೊಳ್ಳುವುದಕ್ಕೆ ಅಂತ ಲೀಸ್ ಕೊಟ್ಟರೆ ಪೂರ್ತಿ ನಷ್ಟ.

ಮೊದಲ ಸಲ ನಾವು ಮಾಡಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಎರಡನೇ ಸಲ. ಮೂರು ವರ್ಷ ಮುಗಿದಾಗ ನಮ್ಮ ಹತ್ತಿರ 8 ಲಕ್ಷ ಇರಲಿಲ್ಲ. ಹೊಸ ಲೀಸ್‌ನವರ ದುಡ್ಡಿನಲ್ಲಿ ಹಳಬರಿಗೆ ಕೊಡುವುದು ಅಂತ ಮಾತಾಯಿತು. ಆ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಗ್ಗೆ ಒಂಬತ್ತಕ್ಕೆ ಹಳಬರ ಟೆಂಪೊ ತುಂಬಿ ನಿಂತಿತ್ತು. ಹತ್ತಕ್ಕೆ ಹೊಸಬರ ಟೆಂಪೊ ಬಂದು ಅದರ ಹಿಂದೆ ನಿಂತಿತು. ಹೊಸಬರ ಬ್ಯಾಂಕಿನಿಂದ ಆರ್‌ಟಿಜಿಎಸ್ ಹೊರಟಿಲ್ಲ. ಹನ್ನೊಂದಾಯಿತು, ಒಂದಾಯಿತು. ಹಳೆ ಮನೆಯವರ ಮಗಳು ತುಳಸಿ ಕುಂಡ ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಮ್ಮ ಬಂದು, ‘ಆಂಟಿ, ತಪ್ಪು ತಿಳ್ಕೋಬೇಡಿ, ದುಡ್ಡು ಬರೋವರೆಗೂ ನಾನು ಬೀಗದ ಕೈ ಕೊಡಲ್ಲ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಅದು ಅವರು ಹತ್ತು ವರ್ಷ ಹೊಲಿಗೆ ಹಾಕಿ ಕೂಡಿಟ್ಟ ದುಡ್ಡು. ಮೂರು ಗಂಟೆಗೆ ದುಡ್ಡು ಬಂತು. ಅಲ್ಲಿವರೆಗೂ ಮೂರು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆವು, ಲೀಸ್ ದುಡ್ಡು ನಮ್ಮ ದುಡ್ಡಲ್ಲ, ಇನ್ನೊಬ್ಬರ ಬದುಕು. ಮುಂದಿನ ಮೂರು ವರ್ಷ ಮೇಲಿನ ಮನೆಯ ಬಾಡಿಗೆಯನ್ನೆಲ್ಲ ಆರ್‌ಡಿಗೆ ಹಾಕಿ, ಉಳಿದದ್ದು ಚೀಟಿ ಎತ್ತಿ, ಲೀಸ್ ಮುಗಿಸಿಕೊಂಡೆವು.

ಇನ್ನೊಂದು ಮಾತು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಕರಾರು ಎಲ್ಲ ಕಡೆ 11 ತಿಂಗಳು ಇರುವುದು ಅದಕ್ಕೇ. ಆದರೆ ಲೀಸ್ ಅನ್ನು ಬಹಳ ಜನ ಸುಮ್ನೆ ಇ-ಸ್ಟಾಂಪ್ ಮೇಲೆ ಮೂರು ವರ್ಷ ಅಂತ ಬರೆದು ಬಿಡುತ್ತಾರೆ, ನಾವೂ ಹಾಗೇ ಮಾಡಿದ್ದೆವು. ಜಗಳ ಆದರೆ ಆ ಕಾಗದದ ಷರತ್ತುಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ವಕೀಲರು ಆಮೇಲೆ ಹೇಳಿದರು. ದುಡ್ಡನ್ನು ಕ್ಯಾಶ್‌ನಲ್ಲಿ ತೊಗೊಳ್ಳುವುದೂ ಬೇಡ. ಲೀಸ್ ಆಗಲಿ ಅಡ್ವಾನ್ಸ್ ಆಗಲಿ, 20,000 ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಮುಟ್ಟಿದರೆ ಆದಾಯ ತೆರಿಗೆ ಇಲಾಖೆ ಅಷ್ಟೇ ಮೊತ್ತದ ದಂಡ ಹಾಕಬಹುದು.

ಕಂಪನಿಯ ಕಥೆ ಚಿಕ್ಕದು. ಕೋವಿಡ್ ಸಮಯದಲ್ಲಿ ಎರಡನೇ ಮಹಡಿಯವರು ಊರಿಗೆ ಹೋದವರು ವಾಪಸ್ ಬರಲಿಲ್ಲ. ಐದು ತಿಂಗಳು ಖಾಲಿ. ಆಗ ಒಬ್ಬರು ಬಂದು, ಜನ ಇದ್ದರೂ ಇಲ್ಲದಿದ್ದರೂ ತಿಂಗಳು ತಿಂಗಳು ಬಾಡಿಗೆ ಹಾಕುತ್ತೇವೆ ಅಂದರು. ನಾಲ್ಕು ತಿಂಗಳು ಹಾಕಿದರು. ಐದನೇ ತಿಂಗಳು ಬರಲಿಲ್ಲ. ಮೇಲಿನ ಮನೆಗೆ ಹೋಗಿ ಕೇಳಿದರೆ, ಅಲ್ಲಿದ್ದ ದಂಪತಿ ಒಂದು ಫೈಲ್ ತಂದು ತೋರಿಸಿದರು. ಕಂಪನಿಯವರು ನಮ್ಮ ಮನೆಯನ್ನು ಅವರಿಗೆ 6 ಲಕ್ಷಕ್ಕೆ ಲೀಸ್ ಹಾಕಿದ್ದರು! ನಮಗೆ ಬಾಡಿಗೆ ಇಲ್ಲ, ಅವರಿಗೆ ದುಡ್ಡು ಇಲ್ಲ, ಇಬ್ಬರೂ ಒಟ್ಟಿಗೆ ಪೊಲೀಸ್ ಠಾಣೆಗೆ ಹೋದೆವು. ಅವರನ್ನು ಬೀದಿಗೆ ಹಾಕುವ ಮನಸ್ಸು ನಮಗೆ ಬರಲಿಲ್ಲ. ಏಳು ತಿಂಗಳು ಬಿಟ್ಟು ಅವರೇ ಬೇರೆ ಮನೆ ನೋಡಿಕೊಂಡರು. ಮಧ್ಯದವರಿಗೆ ಕೊಡಲೇಬೇಕು ಅಂದರೆ ಎರಡು ಕೆಲಸ ಮಾಡಿ. ಬೇರೆಯವರಿಗೆ ಲೀಸ್ ಹಾಕುವಂತಿಲ್ಲ ಅಂತ ಕರಾರಿನಲ್ಲಿ ಬರೆಸಿ. ಒಳಗೆ ವಾಸ ಇರುವವರನ್ನು ಮೊದಲ ವಾರವೇ ನೀವೇ ಮಾತನಾಡಿಸಿ, ಅವರ ಕೈಯಲ್ಲಿರುವ ಕಾಗದ ನೋಡಿ.

ಈಗ ತಿಂಗಳ ಬಾಡಿಗೆ. ಇದರಲ್ಲೂ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ನಲ್ಲಿ ಸೋರಿದರೆ ಫೋನ್ ಬರುತ್ತದೆ, ಟ್ಯಾಂಕರ್ ದುಡ್ಡಿನ ಹಂಚಿಕೆಗೆ ಮಾತು ಬರುತ್ತದೆ. 2024ರ ಬೇಸಿಗೆಯಲ್ಲಿ ನೀರಿಗೆ ಒದ್ದಾಡಿದಾಗ ಟ್ಯಾಂಕರ್ ಬಿಲ್‌ಗಳನ್ನು ಮೆಟ್ಟಿಲ ಗೋಡೆಗೆ ಅಂಟಿಸಿ, ತಲೆಲೆಕ್ಕದಲ್ಲಿ ಹಂಚಿದೆವು. ನಮ್ಮ ಮನೆಯ ಪಾಲೂ ಅದರಲ್ಲೇ ಬರೆದಿದ್ದರಿಂದ ಒಂದು ಮಾತೂ ಬರಲಿಲ್ಲ.

ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುವುದನ್ನು ನಾವು ಬಿಟ್ಟೆವು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ನಾವು ನಾಲ್ಕು ತಿಂಗಳದ್ದು ತೊಗೊಂಡು ಬೇರೆ ಎಫ್‌ಡಿ ಮಾಡಿ ಇಡುತ್ತೇವೆ. ಕಮ್ಮಿ ಅಡ್ವಾನ್ಸ್ ಅಂದಾಗ ಕೇಳಿಕೊಂಡು ಬರುವವರೂ ಜಾಸ್ತಿ, ನಮಗೆ ಆಯ್ಕೆಯೂ ಜಾಸ್ತಿ. ಬರುವವರ ಜಾತಿ, ಊಟ, ಮದುವೆ ಕೇಳುವುದರಲ್ಲಿ ಅರ್ಥವಿಲ್ಲ. ಹಿಂದಿನ ಮನೆ ಮಾಲೀಕರ ನಂಬರ್ ತೊಗೊಂಡು ಐದು ನಿಮಿಷ ಮಾತನಾಡಿ, ಅಷ್ಟು ಸಾಕು. ನಮ್ಮಲ್ಲಿ ಅತಿ ಚೊಕ್ಕಟವಾಗಿ ಮನೆ ಇಟ್ಟುಕೊಂಡಿದ್ದು ಮೂವರು ಬ್ಯಾಚುಲರ್ ಹುಡುಗರು.

ವರ್ಷಕ್ಕೆ ಶೇಕಡ 5 ಏರಿಸುತ್ತೇವೆ. ಒಂದು ಸಲ ಶೇಕಡ 10 ಕೇಳಿ, ಒಳ್ಳೆಯ ಬಾಡಿಗೆದಾರರನ್ನು ಕಳೆದುಕೊಂಡೆವು. 15,000ಕ್ಕೆ ಆ ಹೆಚ್ಚಿನ 750 ರೂಪಾಯಿ ವರ್ಷಕ್ಕೆ 9,000 ಆಗುತ್ತದೆ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 15,000, ಪೇಂಟಿಂಗ್ ಬೇರೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಕರಾರಿನ ಒಂದೊಂದು ಸಾಲೂ ಮುಖ್ಯ. ನೋಟಿಸ್ ಎಷ್ಟು ದಿನ, ಪೇಂಟಿಂಗ್‌ಗೆ ಎಷ್ಟು ಹಿಡಿಯುವುದು, ಗೀಸರ್ ಕೆಟ್ಟರೆ ಯಾರು ಮಾಡಿಸುವುದು, ಎಲ್ಲ ಬರೆಯಿರಿ. ಬಾಡಿಗೆ ಬರಲಿಲ್ಲ ಅಂತ ನೀರು, ಕರೆಂಟ್ ನಿಲ್ಲಿಸುವುದನ್ನು ಮಾತ್ರ ಯಾವತ್ತೂ ಮಾಡಬೇಡಿ.

ಬೀಗದ ಕೈ ಕೊಡುವ ದಿನ ನಾನು ಬಾಡಿಗೆದಾರರ ಜೊತೆ ಮನೆಯೆಲ್ಲ ಒಂದು ಸುತ್ತು ಹಾಕುತ್ತೇನೆ. ಮೀಟರ್ ರೀಡಿಂಗ್, ಫ್ಯಾನ್ ಎಷ್ಟು, ಸಿಂಕ್ ಕೆಳಗೆ ಸೋರುತ್ತದಾ, ಬಚ್ಚಲು ಬಾಗಿಲಿನ ಕೆಳಭಾಗ ಉಬ್ಬಿದೆಯಾ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಫೋಟೊ ತೊಗೊಳ್ಳುತ್ತೇವೆ. ಖಾಲಿ ಮಾಡುವ ದಿನ ಅದೇ ಪುಟ ತೆಗೆದು ನೋಡಿ, ಅಡ್ವಾನ್ಸ್ ಅವತ್ತೇ ಹಾಕಿಬಿಡುತ್ತೇವೆ. ಆ ದಿನವೇ ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ಆ ಆರ್‌ಆರ್ ನಂಬರ್‌ನಲ್ಲಿ ಅರ್ಜಿ ಹಾಕಲು ಆಗುವುದಿಲ್ಲ.

ಮುಂದಿನ ತಿಂಗಳು ಮೊದಲ ಮಹಡಿ ಖಾಲಿ ಆಗುತ್ತಿದೆ. ಬ್ರೋಕರ್ ಆಗಲೇ ಎರಡು ಸಲ ಬಂದು, ಲೀಸ್‌ಗೆ ಒಳ್ಳೆ ಪಾರ್ಟಿ ಇದೆ ಅಂದರು. ಟು-ಲೆಟ್ ಬೋರ್ಡಿನ ಕೆಳಗೆ ‘ಬಾಡಿಗೆಗೆ ಮಾತ್ರ’ ಅಂತ ದೊಡ್ಡದಾಗಿ ಬರೆದು ಗೇಟಿಗೆ ಕಟ್ಟಿದ್ದೇನೆ.