ಧರೆ ಸರ್ವೆ ಮಾಡಿಸಿದ್ವಿ, 4 ಸ್ಟಾರ್ ಕೊಡ್ತೀನಿ

ಮೂಡಿಗೆರೆ ಹತ್ರ ನಮ್ದು ಕಾಫಿ ತೋಟ. 2019ರ ಆಗಸ್ಟ್ ಮಳೇಲಿ ಚಾರ್ಮಾಡಿ ಘಾಟಿ ಕುಸಿದು ರೋಡ್ ಬಂದಾಯ್ತಲ್ಲ, ಆಗ್ಲೇ ನಮ್ಮ ಲೈನ್ ಮನೆ (ಕೆಲಸದವರು ಇರೋ ಸಾಲು ಮನೆ) ಹಿಂದಿನ ಧರೆನೂ, ಅಂದ್ರೆ ಕಡಿದಾದ ಮಣ್ಣಿನ ಗೋಡೆನೂ, ಬಿರುಕು ಬಿಟ್ಟಿತ್ತು, ಆವತ್ತಿಂದ ಜೋರು ಮಳೆ ಅಂದ್ರೆ ನಿದ್ದೆ ಇಲ್ಲ, ಅದಕ್ಕೇ ಈ ವರ್ಷ ಧರೆ ಕುಸಿಯುತ್ತಾ ಅಂತ ಸರ್ವೆ ಮಾಡೋ ಇವರನ್ನ ಕರೆಸಿ ಜಾಗ ತೋರಿಸಿದ್ವಿ.

ಬಂದಿದ್ದ ಮೇಡಮ್ ಮೊದ್ಲು ಓದಿದ್ದು ಪರ್ಮಾಫ್ರಾಸ್ಟ್ ಬಗ್ಗೆಯಂತೆ. ಕಮ್ಮಿ ಅಂದ್ರೂ ಎರಡು ವರ್ಷ ಒಂದೇ ಸಮನೆ ಹೆಪ್ಪುಗಟ್ಟೇ ಇರೋ ನೆಲ ಅದು, ಒಳಗಿನ ಐಸ್ ಕರಗಿದ್ರೆ ಮೇಲಿರೋ ಮನೆ ರಸ್ತೆ ಎಲ್ಲಾ ಕೂರುತ್ತೆ. ನಮ್ಮಲ್ಲಿ ನೀರು ಇಂಗಿ ಮಣ್ಣು ಭಾರವಾಗಿ ಹಿಡಿತ ಬಿಡುತ್ತೆ, ಕಾರಣ ಬೇರೆ, ಆದ್ರೆ ಎರಡೂ ಕಡೆ ಜನ ಕೇಳೋದು ಒಂದೇ, ಇಲ್ಲಿ ಇರಬಹುದಾ ಬೇಡ್ವಾ ಅಂತ. ಅಲಾಸ್ಕಾದಲ್ಲಿ ನೆಲಕ್ಕೆ ಬೋರ್ ಕೊರೆದು ವರ್ಷಗಟ್ಟಲೆ ಟೆಂಪರೇಚರ್ ಅಳೀತಾರೆ, ಆದ್ರೆ ಆ ನಂಬರ್ ಊರಿನವರಿಗೆ ಏನು ಹೇಳುತ್ತೆ? 2019ರಲ್ಲಿ ಅಲ್ಲಿನ ಯೂನಿವರ್ಸಿಟಿಯವರೂ ಸೇರ್ಕೊಂಡು 187 ಊರುಗಳಿಗೆ ದಡ ಕೊರೆತ, ಪ್ರವಾಹ, ನೆಲ ಕರಗೋದು ಮೂರಕ್ಕೂ ಬೇರೆ ಬೇರೆ ಲೆಕ್ಕ ಹಾಕಿ ಯಾವ ಊರಿಗೆ ಎಷ್ಟು ಅಪಾಯ ಅಂತ ವಿಂಗಡಿಸಿದ್ರಂತೆ. ಇದನ್ನ ಮೇಡಮ್ ಕಾಫಿ ಒಣಗಿಸೋ ಕಣದಲ್ಲಿ ಕೂತು ನಮ್ಮ ಕೆಲಸದವರಿಗೂ ಅರ್ಥ ಆಗೋ ಹಾಗೆ ಹೇಳಿದ್ರು, ನಂಗೆ ತುಂಬಾ ಇಷ್ಟ ಆಯ್ತು.

ಆದ್ರೆ ಮೊದಲು ಕೊಟ್ಟ ರಿಪೋರ್ಟು ನಲವತ್ತು ಪೇಜು, ಪೂರ್ತಿ ಇಂಗ್ಲಿಷು, ಮಳೆ ಎಲ್ಲಾ ಮಿಲಿಮೀಟರ್‌ನಲ್ಲಿ. ತೋಟದಲ್ಲಿ ಮಳೆ ಲೆಕ್ಕ ಇಂಚು ಸೆಂಟು (ನೂರು ಸೆಂಟಿಗೆ ಒಂದಿಂಚು) ಅಲ್ವಾ, ತೋಟದ ಲೆಕ್ಕ ನೋಡೋ ನಮ್ಮ ರೈಟರು ಬೆಳಿಗ್ಗೆ ಗೇಜ್ ನೋಡಿ ಬುಕ್ಕಲ್ಲಿ ಬರೆಯೋದೂ ಅದೇ. ಹೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳದೆ ಎರಡೇ ಪೇಜಿಗೆ ಇಳಿಸಿ ಕನ್ನಡದಲ್ಲಿ ಬರೆದುಕೊಟ್ರು: ಧರೆ ಮೇಲಿನ ತೊಟ್ಟಿಲು ಗುಂಡಿ (ಮಳೆ ನೀರು ಇಂಗೋಕೆ ಗಿಡಗಳ ಮಧ್ಯೆ ತೋಡೋ ಗುಂಡಿ) ಮುಚ್ಚಿ, ನೀರು ಪಕ್ಕಕ್ಕೆ ಹೋಗೋ ಹಾಗೆ ಚರಂಡಿ ತೆಗೀರಿ, ಬುಡಕ್ಕೆ ಜೆಸಿಬಿ ಹಾಕ್ಬೇಡಿ, ಎರಡು ದಿನ ಸೇರಿ ಎಂಟು ಇಂಚು ದಾಟಿದ್ರೆ ಲೈನ್ ಮನೆ ಖಾಲಿ ಮಾಡಿಸಿ. ಈ ಎಂಟು ಇಂಚು ನಮ್ಮ ಧರೆಗೆ ಮಾತ್ರ, ಬೇರೆಯವರು ಇದನ್ನೇ ಹಿಡ್ಕೊಬೇಡಿ ದಯವಿಟ್ಟು.

ಒಂದು ಸ್ಟಾರ್ ಕಟ್ ಮಾಡಿದ್ದು ಡೇಟ್ ಎರಡು ಸಲ ಮುಂದೆ ಹಾಕಿದ್ದಕ್ಕೆ, ಅದೂ ಮೆಣಸು ಕೊಯ್ಲಿನ ಟೈಮಲ್ಲಿ.

ಜುಲೈನಲ್ಲಿ ಒಂದಿನ ಸಂಜೆಗೇ ಎಂಟು ಇಂಚು ಇಪ್ಪತ್ತು ಸೆಂಟು ಆಗಿತ್ತು. ರೈಟರು ನನ್ನ ಕೇಳೋಕೂ ಕಾಯದೆ ಮೂರು ಸಂಸಾರನೂ ಗೋಡೌನಿಗೆ ಕಳಿಸಿದ್ದ. ಧರೆ ನಿಂತಿದೆ, ಮಕ್ಕಳು ಆವತ್ತು ರಾತ್ರಿ ಕಾಫಿ ಮೂಟೆ ಪಕ್ಕ ಮಲಗಿದ್ರು.