ಚಕಮಕಿ ರೈಫಲ್ಲಿನ ಕಲ್ಲು: ತೊಗಲೋ ಸೀಸವೋ, ಇಳಿಜಾರು ಮೇಲಕ್ಕೋ ಕೆಳಕ್ಕೋ

ಫ್ಲಿಂಟ್‌ಲಾಕ್ ರೈಫಲ್ (ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಮದ್ದು ಹೊತ್ತಿಸುವ ಬಂದೂಕು) ಹೊತ್ತಿಕೊಳ್ಳದೆ ಹೋದಾಗ ಹೆಚ್ಚಿನವರು ಮೊದಲು ದೂರುವುದು ಕಲ್ಲನ್ನು. ಆದರೆ ಕಿಡಿಯಾಗಿ ಉರಿಯುವುದು ಕಲ್ಲಲ್ಲ. ಕಲ್ಲಿನ ಅಂಚು ಫ್ರಿಜನ್ನಿನ (ಕಲ್ಲು ಬಂದು ಬಡಿಯುವ ಉಕ್ಕಿನ ಫಲಕ) ಗಡಸು ಉಕ್ಕಿನಿಂದ ಕೆರೆದು ತೆಗೆದ ಸೂಕ್ಷ್ಮ ಚೂರುಗಳು ಆ ಘರ್ಷಣೆಗೇ ಕಾದು, ಗಾಳಿಯಲ್ಲಿ ಉರಿಯುತ್ತ ಮದ್ದಿನ ಬಟ್ಟಲಿಗೆ ಬೀಳುತ್ತವೆ. ಆದ್ದರಿಂದ ಯಾವ ಕಲ್ಲು ಎಂಬ ಪ್ರಶ್ನೆಗಿಂತ, ಅದು ಎಷ್ಟು ಭದ್ರವಾಗಿ ಕೂತು ಯಾವ ಕೋನದಲ್ಲಿ ಉಕ್ಕನ್ನು ಕೆರೆಯುತ್ತದೆ ಎಂಬ ಪ್ರಶ್ನೆಯೇ ದೊಡ್ಡದು. ಮುಂದಿನ ಹೋಲಿಕೆಗಳನ್ನೆಲ್ಲ ಒಂದೇ ರೈಫಲ್ಲಿನ ಮೇಲೆ ಮಾಡಿದ್ದೇನೆ. ಕಲ್ಲು ಕೂರಿಸುವಾಗಲೂ ಹೊಂದಿಸುವಾಗಲೂ ನಳಿಕೆಯಲ್ಲಿ ಮದ್ದುಗುಂಡು ಇರಲಿಲ್ಲ, ಬಟ್ಟಲೂ ಒರೆಸಿ ಖಾಲಿಯಾಗಿತ್ತು. ಇದರಲ್ಲಿ ಯಾವ ವಿನಾಯಿತಿಯೂ ಸಲ್ಲದು.

ಕಲ್ಲುಗಳ ವಿಷಯವನ್ನು ಬೇಗ ಮುಗಿಸಬಹುದು. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಬ್ರ್ಯಾಂಡನ್ ಕಡೆಯ ಕಪ್ಪು ಕಲ್ಲು ಮತ್ತು ಫ್ರಾನ್ಸಿನ ಜೇನುಬಣ್ಣದ ಕಲ್ಲು, ಎರಡೂ ಸಿಲಿಕವೇ, ಗಡಸುತನದಲ್ಲೂ ಹೆಚ್ಚುಕಡಿಮೆ ಸಮ. ನನ್ನ ಲಾಕಿನಲ್ಲಿ (ಬಂದೂಕಿನ ಕಿಡಿ ಎಬ್ಬಿಸುವ ಯಂತ್ರಭಾಗ) ಇವೆರಡರ ಕಿಡಿಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕಪ್ಪು ಕಲ್ಲು ಅಂಚು ಕೆತ್ತುವಾಗ ಹೇಳಿದಂತೆ ಕೇಳಿತು ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಗರಗಸದಿಂದ ಕೊಯ್ದು ಉಜ್ಜಿದ ಅಗೇಟ್ ನೋಡಲು ಅಚ್ಚುಕಟ್ಟು, ಬಾಳಿಕೆಯೂ ದೀರ್ಘ. ಆದರೆ ಅದರ ಅಂಚು ಮೊಂಡಾದಾಗ ಕೂತಲ್ಲೇ ಚಕ್ಕೆ ಎಬ್ಬಿಸಿ ಹರಿತಗೊಳಿಸುವುದು ಕಷ್ಟ. ವಜ್ರದ ಪುಡಿ ಹಚ್ಚಿದ ಉಜ್ಜುಪಟ್ಟಿಯೇ ಬೇಕಾಗುತ್ತದೆ.

ಕಲ್ಲನ್ನು ಕಾಕಿನ (ಕಲ್ಲನ್ನು ಕಚ್ಚಿಕೊಂಡು ಫ್ರಿಜನ್ನಿಗೆ ಬಡಿಯುವ ತೋಳು) ದವಡೆಗಳ ನಡುವೆ ಹಿಡಿದಿಡುವ ಹೊದಿಕೆಯಲ್ಲಿ ಮಾತ್ರ ಅಂತರ ಸ್ಪಷ್ಟವಾಗಿದೆ. ಸೀಸದ ಹಾಳೆ ಕಲ್ಲಿನ ಏರುತಗ್ಗುಗಳಿಗೆ ಒಗ್ಗಿ ಒಮ್ಮೆ ಕಚ್ಚಿತೆಂದರೆ ಅಲುಗುವುದಿಲ್ಲ, ಮತ್ತು ಸೈನ್ಯದ ಮಸ್ಕೆಟ್‌ಗಳ ದಪ್ಪ ಕಾಕಿಗೆ ಅದರ ತೂಕ ಹೊರೆಯಾಗುತ್ತಿರಲಿಲ್ಲ. ರೈಫಲ್ಲಿನ ತೆಳುವಾದ ಕಾಕಿಗೆ ಅದೇ ತೂಕ ಒಳ್ಳೆಯದಲ್ಲ: ವೇಗವಾಗಿ ಬಂದು ಥಟ್ಟನೆ ನಿಲ್ಲುವ ಪ್ರತಿ ಸಲವೂ ಅದರ ಕತ್ತಿನ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ತೊಗಲು ಹಗುರ, ಹೊಡೆತವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಆದರೆ ಮೊದಲ ಕೆಲವು ಹೊಡೆತಗಳಿಗೆ ಅದು ಕುಗ್ಗುವುದರಿಂದ ದವಡೆಗಳನ್ನು ಬಿಗಿಯುವ ತಿರುಪನ್ನು ಮತ್ತೆ ಬಿಗಿಮಾಡಲೇಬೇಕು. ತೊಗಲಿನ ಹಿಂಬದಿಯಲ್ಲಿ ತಿರುಪು ಹಾಯುವಷ್ಟು ತೂತು ಕತ್ತರಿಸಿ, ಕಲ್ಲಿನ ಬೆನ್ನು ತಿರುಪಿಗೇ ಆನುವಂತೆ ಕೂರಿಸಿದರೆ ಅದು ಹಿಂದಕ್ಕೆ ಸರಿಯುವುದಿಲ್ಲ. ಮುಂದೆ ಚಾಚಿದ ತೊಗಲನ್ನು ಕತ್ತರಿಸದೆ ಬಿಟ್ಟರೆ ಅದು ಫ್ರಿಜನ್ನಿಗೆ ತಾಗಿ ಹೊಡೆತವನ್ನೇ ಮಂದಗೊಳಿಸುತ್ತದೆ. ರೈಫಲ್ಲಿಗೆ ನನ್ನ ಆಯ್ಕೆ ತೊಗಲೇ.

ಇನ್ನು ವಾದ ಮುಗಿಯದ ಸಂಗತಿ, ಕಲ್ಲಿನ ಇಳಿಜಾರು ಮುಖ (ಅಂಚಿನತ್ತ ಓರೆಯಾಗಿ ಸಾಗುವ ಬದಿ) ಮೇಲಿರಬೇಕೋ ಕೆಳಗಿರಬೇಕೋ ಎಂಬುದು. ಇಳಿಜಾರು ಮೇಲಿದ್ದರೆ ಕಲ್ಲಿನ ಅಂಚು ಕೆಳಗಿರುತ್ತದೆ, ಆದ್ದರಿಂದ ಫ್ರಿಜನ್ನಿಗೆ ತಗ್ಗಿನಲ್ಲಿ ಬಡಿಯುತ್ತದೆ. ತಿರುಗಿಸಿ ಕೂರಿಸಿದರೆ ಅಂಚು ಏರಿ ಎತ್ತರದಲ್ಲಿ ಬಡಿಯುತ್ತದೆ. ಫ್ರಿಜನ್ನಿನ ಮುಖದಲ್ಲಿ ಬುಡದಿಂದ ಸುಮಾರು ಮೂರನೇ ಎರಡರಷ್ಟು ಎತ್ತರದಲ್ಲಿ ಬಡಿದು, ಅಲ್ಲಿಂದ ಕೆಳಗಿನವರೆಗೆ ಉದ್ದಕ್ಕೂ ಕೆರೆಯಬೇಕು ಎಂಬುದು ಸಾಮಾನ್ಯ ಗುರಿ. ಇದನ್ನು ಊಹಿಸುವ ಬದಲು ಫ್ರಿಜನ್ನಿನ ಮುಖಕ್ಕೆ ಮಾರ್ಕರ್ ಶಾಯಿ ಬಳಿದು ಒಮ್ಮೆ ಕಾಕನ್ನು ಬಿಟ್ಟು ನೋಡುವುದು ಮೇಲು. ನನ್ನ ಲಾಕಿನಲ್ಲಿ ಇಳಿಜಾರು ಮೇಲಿದ್ದಾಗ ಶಾಯಿ ಅಳಿಸಿದ್ದು ಕೆಳಗಿನ ಅರ್ಧದಲ್ಲಿ ಮಾತ್ರ, ಕಿಡಿಗಳೂ ಅಷ್ಟಕ್ಕಷ್ಟೆ. ಕೆಳಗಿದ್ದಾಗ ಗೆರೆ ಉದ್ದವಾಯಿತು, ಕಿಡಿಗಳ ಗೊಂಚಲು ನೇರ ಬಟ್ಟಲಿಗಿಳಿಯಿತು. ಆದರೆ ಕಲ್ಲು ಉದ್ದವಾಗಿದ್ದಾಗ ಹೊಡೆತ ತೀರ ನೇರಕ್ಕೆ ಬಂದು ಅಂಚು ಬೇಗ ಚಕ್ಕೆಯೇಳುತ್ತಿತ್ತು. ಹೀಗಾಗಿ ಈಗ ಹೊಸ ಕಲ್ಲನ್ನು ಇಳಿಜಾರು ಮೇಲಿಟ್ಟು ಆರಂಭಿಸಿ, ಸವೆದು ಗಿಡ್ಡವಾದ ಮೇಲೆ ಮಗುಚುತ್ತೇನೆ. ಕಾಕಿನ ಕೋನ ಬೇರೆಯಿರುವ ಲಾಕಿನಲ್ಲಿ ಇದು ತಲೆಕೆಳಗಾಗಲೂಬಹುದು.

ಯಾವ ಕಡೆ ಕೂರಿಸಿದರೂ ಅಂಚು ಫ್ರಿಜನ್ನಿಗೆ ಸಮಾನಾಂತರವಾಗಿರಬೇಕು. ತಿರುಪನ್ನು ತುಸು ಸಡಿಲಿಸಿ, ಕಾಕನ್ನು ಬೆರಳಿನಿಂದ ಹಿಡಿದು ನಿಧಾನವಾಗಿ ಇಳಿಸಿ, ಅಂಚು ಇಡೀ ಅಗಲಕ್ಕೆ ಮುಟ್ಟುವಂತೆ ಹೊಂದಿಸಿ ಬಿಗಿಮಾಡಿದರೆ ಸಾಕು. ಕಾಕನ್ನು ಅರ್ಧ ಎಳೆದ ಸ್ಥಿತಿಯಲ್ಲಿ ಕಲ್ಲು ಫ್ರಿಜನ್ನನ್ನು ಮುಟ್ಟದೆ ಕೆಲವೇ ಮಿಲಿಮೀಟರ್ ದೂರದಲ್ಲಿರಬೇಕು, ಅದರ ಬದಿ ನಳಿಕೆಗೆ ತಾಗಕೂಡದು.

ಹರಿತಗೊಳಿಸಲು ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ತಟ್ಟುವುದು ಬೇಗದ ದಾರಿ, ಆದರೆ ಚಕ್ಕೆ ಎಷ್ಟು ದೊಡ್ಡದಾಗಿ ಏಳುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ತಾಮ್ರದ ಕಡ್ಡಿಯ ತುದಿಯನ್ನು ಅಂಚಿಗೆ ಒತ್ತಿ ಕೆಳಕ್ಕೆ ನೂಕುವ ವಿಧಾನ ನಿಧಾನ, ಆದರೂ ಕಲ್ಲು ಹೆಚ್ಚು ದಿನ ಉಳಿಯುತ್ತದೆ. ಎರಡರಲ್ಲೂ ಕಣ್ಣಿಗೆ ಕನ್ನಡಕ ಬೇಕು. ಸಿಲಿಕದ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಬಯಲಲ್ಲಿ ಕೆಲಸ ಮಾಡುವುದು ಒಳಿತು. ಇಷ್ಟೆಲ್ಲ ಆದ ಮೇಲೂ ಹರಿತವಾದ ಅಂಚಿನಿಂದ ನಾಲ್ಕಾರು ಮಂಕಾದ ಕೆಂಪು ಕಿಡಿಗಳಷ್ಟೇ ಬರುತ್ತಿದ್ದರೆ ಕಲ್ಲು ಬದಲಿಸಿ ಪ್ರಯೋಜನವಿಲ್ಲ. ಫ್ರಿಜನ್ನಿನ ಮುಖದ ಗಡಸು ಪದರ ಸವೆದಿರುವ ಸಂಭವ ಹೆಚ್ಚು, ಅದನ್ನು ಮತ್ತೆ ಗಡಸುಗೊಳಿಸಲು ಬಂದೂಕು ರಿಪೇರಿಯವರಿಗೆ ಕೊಡಬೇಕು.